ಅಡಗಿಸಿಟ್ಟ ಅರ್ಧ ಲೆಕ್ಕ

ಡೊಂಬಿವಲಿಯಿರಲಿ, ಕಲ್ಯಾಣ್ ಇರಲಿ, ಸ್ಟೇಷನ್ ಹೊರಗೆ ಲ್ಯಾಬುಗಳಿಗೆ ಬರವಿಲ್ಲ. ಥಾಣೆ, ನವಿಮುಂಬಯಿಯಲ್ಲೂ ಹಾಗೆಯೇ. ಕೆಲಸ ಮುಗಿಸಿ ಲೋಕಲ್ ಇಳಿದವನು ಜ್ವರಕ್ಕೋ ಕೆಮ್ಮಿಗೋ ರಕ್ತ ಕೊಟ್ಟು ಹೋಗುತ್ತಾನೆ. ಮರುದಿನ ಮೊಬೈಲಿಗೆ ‘ನೆಗೆಟಿವ್’ ಎಂಬ ಒಂದು ಪದ ಬರುತ್ತದೆ. ಅದನ್ನು ಎಷ್ಟು ನಂಬಬಹುದು? ಇದಕ್ಕೆ ಉತ್ತರ ಕೊಡಲೆಂದೇ ಸಿಸ್ಟಮ್ಯಾಟಿಕ್ ರಿವ್ಯೂಗಳಿವೆ. ಒಂದು ಪರೀಕ್ಷೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ಒಟ್ಟಿಗೆ ತೂಗಿ ನೋಡುವ ವಿಮರ್ಶೆಗಳು ಅವು. ಅವೇ ಅರ್ಧ ಹೇಳಿ ಅರ್ಧ ನುಂಗಿದರೆ?

ಕ್ಷಯದ ಪ್ರಕರಣ ನೋಡಿ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಗಳು ಭಾರತದ ಖಾಸಗಿ ಲ್ಯಾಬುಗಳಲ್ಲಿ ವರ್ಷಗಟ್ಟಲೆ ನಡೆದವು. 2011ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಅವುಗಳ ಬಂಡವಾಳ ಬಯಲು ಮಾಡಿತು. ಕಫದ ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ ಸಿಕ್ಕದ ಕ್ಷಯರೋಗಿಗಳ ಪೈಕಿ ಅಂಥ ಒಂದು ರಕ್ತಪರೀಕ್ಷೆ ನೂರಕ್ಕೆ 59 ಮಂದಿಯನ್ನು ಗುರುತಿಸುತ್ತದೆ ಎಂಬುದು ಅದರ ಅಂದಾಜು. ವಿಮರ್ಶಕರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಅಂದಾಜಿಗೆ ನಾಲ್ಕೇ ಅಧ್ಯಯನಗಳ ಆಧಾರ, ನಿಜವಾದ ಅಂಕಿ 10ರಿಂದ 96ರವರೆಗೆ ಎಲ್ಲಾದರೂ ಇರಬಹುದು, ಪುರಾವೆಯ ಗುಣಮಟ್ಟ ತೀರ ಕಳಪೆ ಎಂದೂ ಬರೆದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆಗಳು ಬೇಡವೆಂದಿತು. 2012ರ ಜೂನ್‌ನಲ್ಲಿ ಭಾರತ ಅವನ್ನು ನಿಷೇಧಿಸಿತು.

ಬರೀ 59 ಅಚ್ಚಾಗಿದ್ದರೆ, ‘ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಹಿಡಿಯುತ್ತದೆ’ ಎಂದು ಮಾರುವವನಿಗೆ ಅಷ್ಟೇ ಸಾಕಿತ್ತು.

ಇಂಥ ವಿಮರ್ಶೆಗಳು ಏನೇನು ಹೇಳಲೇಬೇಕು ಎಂಬುದನ್ನು 2018ರ ‘ಪ್ರಿಸ್ಮಾ-ಡಿಟಿಎ’ 27 ಅಂಶಗಳಲ್ಲಿ ಪಟ್ಟಿ ಮಾಡಿದೆ: ಪರೀಕ್ಷೆಗೊಳಗಾದವರು ಯಾರು, ರೋಗವನ್ನು ಖಚಿತಪಡಿಸಿದ್ದು ಯಾವ ವಿಧಾನದಿಂದ, ಅಧ್ಯಯನಗಳಲ್ಲಿ ಪಕ್ಷಪಾತ ಎಲ್ಲಿ ನುಸುಳಿರಬಹುದು, ಇತ್ಯಾದಿ. ಆ ಹೊತ್ತಿನಲ್ಲಿ ಪ್ರಕಟವಾಗಿದ್ದ 100 ವಿಮರ್ಶೆಗಳನ್ನು ಈ ಪಟ್ಟಿಗೆ ಹಿಡಿದು ನೋಡಿದಾಗ ಸರಾಸರಿ ಶೇ. 71ರಷ್ಟು ಅಂಶಗಳು ಮಾತ್ರ ಸಿಕ್ಕವು. ಸಾರಾಂಶಗಳಲ್ಲಿ ಸಿಕ್ಕಿದ್ದು ಅರ್ಧ. ರೋಗಿಗಳ ಸಾಲು ಬಾಗಿಲಲ್ಲಿರುವಾಗ ಕಲ್ಯಾಣದ ವೈದ್ಯರಿಗೆ ಓದಲು ಪುರುಸೊತ್ತಿರುವುದು ಆ ಸಾರಾಂಶಕ್ಕೆ ಮಾತ್ರ.

ಪದಮಿತಿ ಇದೆ, ಜಾಗವಿಲ್ಲ ಎಂಬ ನೆಪ ಹಳೆಯದು. ‘10ರಿಂದ 96’ ಎಂದು ಬರೆಯಲು ಎಷ್ಟು ಜಾಗ ಬೇಕು? ಪಟ್ಟಿ ತುಂಬಿಸುವುದು ಗುಮಾಸ್ತಿಕೆ ಎನ್ನುವವರೂ ಇದ್ದಾರೆ. ಪಟ್ಟಿ ತುಂಬಿಸಿದ ಮಾತ್ರಕ್ಕೆ ಕೆಟ್ಟ ಸಂಶೋಧನೆ ಒಳ್ಳೆಯದಾಗುವುದಿಲ್ಲ, ನಿಜ. ಆದರೆ ಅದು ಕೆಟ್ಟದ್ದೆಂದು ಓದುವವರಿಗೆ ಗೊತ್ತಾಗುವುದಾದರೂ ಹೇಗೆ? ಅಪೂರ್ಣ ವಿಮರ್ಶೆಯನ್ನು ವಾಪಸ್ ಕಳಿಸುವ ಅಧಿಕಾರ ಸಂಪಾದಕರಿಗಿದೆ. ಅವರು ಅದನ್ನು ಬಳಸಲಿ.

ಸುಳ್ಳು ‘ನೆಗೆಟಿವ್’ ನಂಬಿದ ಕ್ಷಯರೋಗಿ ಮನೆಯಲ್ಲಿ ಕೂರುವುದಿಲ್ಲ. ಬೆಳಗಿನ ಲೋಕಲ್‌ನಲ್ಲಿ ಭುಜಕ್ಕೆ ಭುಜ ಒತ್ತಿ ನಿಂತು, ಕೆಮ್ಮುತ್ತಲೇ ಕೆಲಸಕ್ಕೆ ಹೋಗುತ್ತಾನೆ.