ಮನಸ್ಸಿಗೂ ಮದ್ದು ಬೇಡವೇ?

ಶಿಕಾರಿಪುರದ ದೈವಕ್ಕೆ ಹುಚ್ಚರಾಯಸ್ವಾಮಿ ಎಂದು ಹೆಸರು. ನಮ್ಮ ಸೀಮೆಯಲ್ಲಿ ಹುಚ್ಚಪ್ಪ, ಹುಚ್ಚಮ್ಮ ಎಂದು ಮಕ್ಕಳಿಗೆ ಭಕ್ತಿಯಿಂದ ಹೆಸರಿಡುವುದುಂಟು. ದೇವರಿಗೆ ಒಪ್ಪುವ ಈ ಮಾತು ಕಾಯಿಲೆಯವರ ಮೇಲೆ ಬಿದ್ದೊಡನೆ ಬೈಗುಳವಾಗುತ್ತದೆ. ಜ್ವರ ಬಂದವರನ್ನು ನೋಡಲು ಹಣ್ಣು ಹಿಡಿದು ಹೋಗುವ ನಾವು, ಮನಸ್ಸಿನ ಕಾಯಿಲೆಯವರ ಮನೆಯ ಮುಂದೆ ದನಿ ತಗ್ಗಿಸಿ ಹಾದುಹೋಗುತ್ತೇವೆ. ಇದು ವಿವೇಕವೇ ಎಂಬುದನ್ನು ವಿದ್ಯಾವಂತರೆನಿಸಿಕೊಂಡ ನಾವು ವಿಚಾರ ಮಾಡಬೇಕಾಗಿದೆ.

ನಾನಿಲ್ಲಿ ಹೇಳಹೊರಟಿರುವುದು ಬೈಪೋಲಾರ್ ಎಂಬ ಕಾಯಿಲೆಯ ವಿಷಯ. ಹಿಂದೆ ಇದನ್ನು ಉನ್ಮಾದ-ಖಿನ್ನತೆಯ ರೋಗವೆನ್ನುತ್ತಿದ್ದರು. ಸುಖದುಃಖಗಳು ಎಲ್ಲರಿಗೂ ಉಂಟು, ಅದು ರೋಗವಲ್ಲ. ಆದರೆ ಈ ಕಾಯಿಲೆಯಲ್ಲಿ ಮನಸ್ಸು ವಾರಗಟ್ಟಲೆ ಏರಿ ನಿಲ್ಲುತ್ತದೆ. ಎರಡು ಗಂಟೆ ಮಲಗಿದರೂ ದಣಿವಿಲ್ಲ; ಮಾತು ನಿಲ್ಲದು, ಕೈಯಲ್ಲಿ ದುಡ್ಡು ನಿಲ್ಲದು. ಮತ್ತೊಂದು ಕಾಲಕ್ಕೆ ಅದೇ ಮನಸ್ಸು ಕುಸಿದು, ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದಂತಾಗುತ್ತದೆ, ಬದುಕೇ ಬೇಡವೆನಿಸುತ್ತದೆ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ವಯಸ್ಕರಲ್ಲಿ ಸುಮಾರು 200 ಮಂದಿಗೆ ಒಬ್ಬರು ಜೀವಮಾನದಲ್ಲಿ ಇದಕ್ಕೆ ಗುರಿಯಾಗುತ್ತಾರೆ. ರೋಗವಿದ್ದವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಆ ಇನ್ನೂರರಲ್ಲಿ ಒಬ್ಬಳು ನಾನು. ಎರಡನೆಯ ವರ್ಷದ ಬಿ.ಎ.ಯಲ್ಲಿದ್ದಾಗ ವೈದ್ಯರು ಈ ಹೆಸರು ಹೇಳಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಸುದ್ದಿ ತಿಳಿದ ಬಂಧುಗಳೊಬ್ಬರು ತಂದೆಯವರಿಗೆ, “ಓದು ಜಾಸ್ತಿ ಆತು, ಅದಕ್ಕೇ ಹಿಂಗಾಗೈತಿ. ಸಣ್ಣೋಳನ್ನಾದ್ರೂ ಮನೇಲಿ ಇರಿಸ್ಕೋ” ಎಂದು ಬುದ್ಧಿ ಹೇಳಿದರು. ಕಾಯಿಲೆಗಿಂತ ಈ ಮಾತೇ ನನ್ನನ್ನು ಹೆಚ್ಚು ನೋಯಿಸಿತು. ಏಕೆಂದರೆ ನನ್ನ ತಂಗಿಯ ಪಿ.ಯು.ಸಿ. ಅದರಿಂದ ನಿಂತುಹೋಗುವುದರಲ್ಲಿತ್ತು.

ಈ ಮಾತು ಎಷ್ಟು ತಪ್ಪೆಂಬುದನ್ನು ನೋಡೋಣ. ಈ ಕಾಯಿಲೆ ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಒಳಗೆ. ಕಾಲೇಜಿನ ವಯಸ್ಸೂ ಅದೇ. ಎರಡೂ ಒಟ್ಟಿಗೆ ಬಂದುದರಿಂದ ಒಂದು ಇನ್ನೊಂದಕ್ಕೆ ಕಾರಣವಾಗಲಾರದು. ಶಾಲೆಯ ಮುಖ ಕಾಣದವರಿಗೂ ಇದು ಬರುತ್ತದೆ, ವಂಶದಲ್ಲಿಯೂ ಇಳಿದುಬರುವುದುಂಟು. ನಿದ್ದೆಗೆಡುವುದು, ತೀರದ ಚಿಂತೆ ಇವು ರೋಗವನ್ನು ಕೆರಳಿಸಬಲ್ಲವು, ನಿಜ. ಆದರೆ ನಿದ್ದೆಗೆಡುವುದು ಓದುವವರೊಬ್ಬರೇ ಅಲ್ಲವಷ್ಟೆ. “ಹೊಲದಾಗೆ ದುಡಿಯೋರಿಗೂ ಬರ್ತದಾ ಸಾರ್?” ಎಂದು ತಂದೆಯವರು ವೈದ್ಯರನ್ನು ಕೇಳಿದರು. “ಬರುತ್ತದೆ” ಎಂದರು ವೈದ್ಯರು. ಆ ಒಂದು ಉತ್ತರದಿಂದ ತಂಗಿಯ ಓದು ಉಳಿಯಿತು.

ಔಷಧವಿಲ್ಲದ ರೋಗ ಇದಲ್ಲ. ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿಯೇ ಲಿಥಿಯಂ ಎಂಬ ಧಾತುವಿನ ಲವಣದಿಂದ ಉನ್ಮಾದ ಶಮನವಾಗುವುದನ್ನು ತೋರಿಸಿಕೊಟ್ಟರು. ಇಂದಿಗೂ ಅದು ಬಳಕೆಯಲ್ಲಿದೆ. ಬೇರೆ ಮದ್ದುಗಳೂ ಬಂದಿವೆ. ಲಿಥಿಯಂ ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು. ಹುಷಾರಾಯಿತೆಂದು ತಾವಾಗಿಯೇ ಗುಳಿಗೆ ಬಿಟ್ಟರೆ ಕಾಯಿಲೆ ಮರುಕಳಿಸುವ ಭಯವಿದೆ.

ಆದರೆ ಗುಳಿಗೆಯೊಂದೇ ಸಾಲದು; ದಿನಚರಿಯೂ ಬೇಕು. ನಾನು ಮೊದಲು ಕಾಯುವುದು ನಿದ್ದೆಯನ್ನು. ಜಾತ್ರೆಯ ಜಾಗರಣೆಯಾಗಲಿ ಪರೀಕ್ಷೆಯ ಹಿಂದಿನ ರಾತ್ರಿಯ ಓದಾಗಲಿ ನನಗೆ ಸಲ್ಲದು. ಒಂದು ನೋಟುಪುಸ್ತಕದಲ್ಲಿ ದಿನವೂ ಎಷ್ಟು ಗಂಟೆ ಮಲಗಿದೆ, ಮನಸ್ಸು ಹೇಗಿತ್ತು ಎಂದು ಬರೆದಿಡುತ್ತೇನೆ. ನಿದ್ದೆ ಕಡಿಮೆಯಾಗಿ ಹುರುಪು ಹೆಚ್ಚಿದರೆ ಅದನ್ನು ಶುಭವೆಂದು ಎಣಿಸದೆ ವೈದ್ಯರ ಬಳಿ ಹೋಗುತ್ತೇನೆ. ಅಂಥ ದಿನಗಳಲ್ಲಿ ವಿದ್ಯಾರ್ಥಿವೇತನದ ಎ.ಟಿ.ಎಂ. ಕಾರ್ಡು ಅವ್ವನ ಬಳಿ ಇರುತ್ತದೆ. ದೊಡ್ಡ ನಿರ್ಧಾರಗಳನ್ನೆಲ್ಲ ಮುಂದಕ್ಕೆ ಹಾಕುತ್ತೇನೆ. ಮನಸ್ಸು ಕುಸಿದ ದಿನ ಸ್ನಾನ, ಅಂಗಳಕ್ಕೆ ನೀರು, ಒಂದು ಪುಟದ ಓದು, ಇಷ್ಟಾದರೆ ಸಾಕೆಂದುಕೊಳ್ಳುತ್ತೇನೆ. ಇನ್ನು ಸಿಡುಕು. ಅದು ಬಂದಾಗ ಎದುರಾಡದೆ ಎದ್ದು ಹೊರಗೆ ನಡೆಯುವುದನ್ನು ಕಲಿತಿದ್ದೇನೆ. ತರಗತಿಯ ಒಬ್ಬ ಗೆಳತಿಗೆ ಎಲ್ಲವೂ ಗೊತ್ತು. “ಯಾಕೇ, ರಾತ್ರಿ ನಿದ್ದೆ ಮಾಡ್ಲಿಲ್ವಾ?” ಎಂದು ನನಗಿಂತ ಮೊದಲೇ ಗುರುತಿಸುವವಳು ಅವಳು. ಇಂಥ ಗೆಳತಿಯಿಲ್ಲದವರ ಪಾಡೇನು?

ನಮ್ಮ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ಕೋಡಿಯಮಠವನ್ನು ಕುರಿತು 1162ರ ಶಾಸನವೊಂದಿದೆ. ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದ ಆ ಮಠದಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನವಿತ್ತು. ಅನಾಥ ರೋಗಿಗಳಿಗೆ ಔಷಧೋಪಚಾರವಿತ್ತು ಎಂದು ಅದರಿಂದ ತಿಳಿಯುತ್ತದೆ. ವಿದ್ಯೆಯೂ ವೈದ್ಯವೂ ಒಂದೇ ಕಡೆ ಇದ್ದ ನೆಲ ಇದು. ಎಂಟುನೂರು ವರ್ಷಗಳ ತರುವಾಯ ನಮ್ಮ ಕಾಲೇಜುಗಳಲ್ಲಿ ಆಸ್ಪತ್ರೆಗೆ ಹೋದ ದಿನಕ್ಕೆ ಗೈರುಹಾಜರಿ ಬೀಳುತ್ತದೆಂದರೆ ಏನೆನ್ನೋಣ?

ನಾನು ಕೇಳುವುದು ಹೆಚ್ಚೇನಲ್ಲ. ರಾಜ್ಯ ಸರ್ಕಾರವು ಮನೋಚೈತನ್ಯ ಕಾರ್ಯಕ್ರಮದ ಮೂಲಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡು ಮಾಡಿದೆ; ಅಂದು ಚೀಟಿ ತಂದವರಿಗೆ ಹಾಜರಿ ಕೊಡಲಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಎಂಬ ಉಚಿತ ದೂರವಾಣಿ ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಬರೆಯಿಸಲಿ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿದೆ, ಡಾ. ಸಿ. ಆರ್. ಚಂದ್ರಶೇಖರ್ ಅವರು ಈ ವಿಷಯವಾಗಿ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ಗ್ರಂಥಾಲಯದಲ್ಲಿ ಇವುಗಳಿಗೆ ಒಂದು ಕಪಾಟು ಇರಲಿ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಒಪ್ಪಿದೆ. ಹಕ್ಕು ಇದ್ದರೂ ನಾಚಿಕೆ ಬಿಡದಿದ್ದರೆ ಅದರಿಂದ ಪ್ರಯೋಜನವೇನು?

ಲೇಖನಕ್ಕೆ ಹೆಸರು ಹಾಕಬೇಡವೆಂದು ಅವ್ವ ಕೇಳಿಕೊಂಡಿದ್ದಾಳೆ. ನಾಳೆ ನಮ್ಮಿಬ್ಬರ ಮದುವೆಗೆ ಅಡ್ಡಿಯಾದೀತೆಂಬ ಚಿಂತೆ ಅವಳಿಗೆ. ಅವಳ ಮಾತನ್ನು ಈ ಸಲ ನಡೆಸಿದ್ದೇನೆ. ಮಿತ್ರರೇ, ಇದೇ ಸಂಚಿಕೆಯಲ್ಲಿ ಮುಂದೊಂದು ವರ್ಷ ಇಂಥ ಲೇಖನವನ್ನು ಒಬ್ಬರು ಹೆಸರು ಹಾಕಿ ಬರೆಯುವಂತಾಗಬೇಕಾದರೆ, ಅದಕ್ಕೆ ತಕ್ಕ ಮಾತು ನಮ್ಮ ನಮ್ಮ ಮನೆಗಳಲ್ಲಿ ಇಂದೇ ಆರಂಭವಾಗಬೇಕು.

— ಅಂತಿಮ ಬಿ.ಎ. ವಿದ್ಯಾರ್ಥಿನಿ