ಯಂತ್ರವೇ ಮನುಷ್ಯನನ್ನು ಅರಿಯಲಿ

‘ಕಾಲಕ್ಕೆ ತಕ್ಕಂತೆ ಹಿರಿಯರೂ ಕಲಿಯಬೇಕು’ ಎಂಬ ಮಾತು ಬ್ಯಾಂಕಿನಲ್ಲಿ, ಪಡಿತರ ಅಂಗಡಿಯಲ್ಲಿ, ಕೊನೆಗೆ ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಮೇಲ್ನೋಟಕ್ಕೆ ಇದು ಹಿತವಚನ. ಆದರೆ ಯಂತ್ರ ರೂಪಿಸಿದವರ ಲೋಪವನ್ನು ಬಳಸುವವರ ತಲೆಗೆ ಕಟ್ಟುವ ಜಾಣತನವೂ ಇದರಲ್ಲಿದೆ.

ಸಿಂಧನೂರಿನ ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ದಶಕಗಳ ಕಾಲ ಭತ್ತದ ಸಸಿ ನೆಟ್ಟ ತಾಯಂದಿರ ಬೆರಳುಗಳನ್ನು ನೋಡಿರಿ. ಕೆಸರು, ಕುಡುಗೋಲುಗಳು ಅಲ್ಲಿನ ಗೆರೆಗಳನ್ನು ಸವೆಸಿರುತ್ತವೆ. ಯಂತ್ರ ಆ ಬೆರಳನ್ನು ಗುರುತಿಸದಿದ್ದರೆ ‘ಅಜ್ಜಿಯ ಬೆರಳು ಸರಿಯಿಲ್ಲ’ ಎನ್ನುತ್ತೇವೆ. ನಾಡಿಗೆ ಅನ್ನವಿತ್ತ ಬೆರಳು ತಪ್ಪು, ಅದನ್ನು ಓದಲಾರದ ಯಂತ್ರ ಸರಿ! ಇದೆಂಥ ನ್ಯಾಯ? ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ಮುಪ್ಪಾದವರು ಕನ್ನಡಕ ಹುಡುಕುವಷ್ಟರಲ್ಲಿ ಒಟಿಪಿಯ ಅವಧಿ ತೀರಬಹುದು. ಆಗ ಫೋನೂ ಗುಪ್ತ ಸಂಖ್ಯೆಯೂ ಪರರ ಕೈ ಸೇರುತ್ತವೆ. ಯಾರಿಗೂ ಹೇಳಬೇಡಿರೆಂದು ಎಚ್ಚರಿಸುವ ವ್ಯವಸ್ಥೆಯೇ ಹೇಳದೆ ಗತಿಯಿಲ್ಲದಂತೆ ಮಾಡುತ್ತದೆ.

‘ವೃದ್ಧರಿಗೆಂದೇ ಬೇರೆ ಫೋನುಗಳಿವೆಯಲ್ಲ?’ ಎನ್ನುವವರಿದ್ದಾರೆ. ಪ್ರತ್ಯೇಕ ಪಂಕ್ತಿ ಹಾಕುವುದು ಗೌರವವಲ್ಲ. ದೊಡ್ಡ ಅಕ್ಷರ, ಕನ್ನಡದ ಧ್ವನಿ, ಸಾಕಷ್ಟು ಸಮಯ, ತಪ್ಪಿದರೆ ಹಿಂದಿರುಗುವ ದಾರಿ ಇವೆಲ್ಲ ಅಜ್ಜನಿಗೆ ನೆರವಾದಂತೆ ಅಕ್ಷರ ಕಲಿಯುತ್ತಿರುವ ಮೊಮ್ಮಗನಿಗೂ ನೆರವಾಗುತ್ತವೆ. ಇದು ಅಸಾಧ್ಯವೂ ಅಲ್ಲ. ಅಂತರ್ಜಾಲವಿಲ್ಲದ ಸಾದಾ ಫೋನಿನಿಂದಲೂ ಹಣ ಪಾವತಿಸುವ ‘ಯುಪಿಐ 123ಪೇ’ 2022ರಲ್ಲಿಯೇ ಬಂದಿತು. ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ. ಕಣ್ಣು ಮಿಟುಕಿಸಿ ಗುರುತು ದೃಢಪಡಿಸಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರು ಹೂಡಿದ್ದ ಮೊಕದ್ದಮೆ ಅದು. ನ್ಯಾಯಾಲಯ ಅವರಿಗೆ ಕಣ್ಣು ಮಿಟುಕಿಸಲು ಕಲಿಯಿರೆನ್ನಲಿಲ್ಲ, ವ್ಯವಸ್ಥೆಯೇ ಬದಲಾಗಲೆಂದಿತು.

ಮಸ್ಕಿಯ ಬಂಡೆಯನ್ನು ನೆನೆಯಿರಿ. 1915ರಲ್ಲಿ ಪತ್ತೆಯಾದ ಆ ಶಾಸನ ಅಶೋಕನ ಹೆಸರನ್ನು ಹೊತ್ತಿರುವುದಕ್ಕೆ ಪ್ರಸಿದ್ಧ. ಅದರ ಸಂದೇಶವನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕೆಂಬ ಆದೇಶ ಅಲ್ಲಿಯೇ ಇದೆ. ಕೆತ್ತಿದರೆ ಸಾಲದು, ಎಲ್ಲರಿಗೂ ತಲುಪಬೇಕು ಎಂಬ ವಿವೇಕ ಕ್ರಿಸ್ತಪೂರ್ವ 3ನೇ ಶತಮಾನದ ದೊರೆಗಿತ್ತು. ಇಂದಿನ ತಂತ್ರಜ್ಞರಿಗೆ ಅದು ಬೇಡವೇ?

ಹೊಸ ಸಾಧನವನ್ನು ಜನರಿಗೆ ಒಪ್ಪಿಸುವ ಮುನ್ನ ಎಪ್ಪತ್ತರ ಕೈಗಳಿಂದಲೂ ಪರೀಕ್ಷಿಸಲಿ. ಯಂತ್ರ ಸೋತಲ್ಲಿ ಮಾತನಾಡುವ ಮನುಷ್ಯನೊಬ್ಬ ಕಿಟಕಿಯಲ್ಲಿರಲಿ. ಗ್ರಾಮಸಭೆಯಲ್ಲಿ, ಬ್ಯಾಂಕಿನಲ್ಲಿ ಇದನ್ನು ಕೇಳಿ ಪಡೆಯೋಣ. ಅಲ್ಲಿಯವರೆಗೆ ‘ನಿಮಗೆ ತಿಳಿಯುವುದಿಲ್ಲ’ ಎಂದು ಹಿರಿಯರ ಕೈಯಿಂದ ಫೋನು ಕಸಿಯುವುದನ್ನಾದರೂ ನಮ್ಮ ಮನೆಗಳಲ್ಲಿ ನಿಲ್ಲಿಸೋಣ.