ಹೊಟ್ಟೆ ಉಳುಕಿದವನಿಗೆ ಎಣ್ಣೆಯೋ, ರಜೆಯೋ?

ಹೋಟೆಲು ಕೆಲಸಗಾರರಾದ ನಮಗೆ ಹೊಟ್ಟೆನೋವು ಎಂದರೆ ಎರಡು ಬಗೆ. ಒಂದು, ಹೊತ್ತಿಗೆ ಸರಿಯಾಗಿ ಉಣ್ಣದೆ ಬರುವ ಉರಿ. ಇನ್ನೊಂದು, ಭಾರ ಎತ್ತಿ ಬರುವ ಉಳುಕು. ಮೊದಲನೆಯದರ ಕುರಿತು ಇನ್ನೊಮ್ಮೆ ಬರೆಯೋಣ. ಎರಡನೆಯದರ ಬಗ್ಗೆ ಈಗಲೇ ಬರೆಯಬೇಕಾಗಿದೆ; ಯಾಕೆಂದರೆ ಕಳೆದ ಮಳೆಗಾಲದಲ್ಲಿ ಅದು ನಮ್ಮ ಖೋಲಿಗೇ ಬಂತು.

ಖೋಲಿಯಲ್ಲಿ ನಾವು ಒಂಬತ್ತು ಮಂದಿ. ಅವರಲ್ಲಿ ಒಬ್ಬ ಕುಂದಾಪುರದ ಕಡೆಯ ಹುಡುಗ, ಹಿಟ್ಟಿನ ಕೆಲಸದವನು. ಗ್ರೈಂಡರು ಬಂದ ಮೇಲೆ ಹಿಟ್ಟಿನವನ ಕಷ್ಟ ತೀರಿತೆಂದು ಗಿರಾಕಿಗಳು ತಿಳಿದಿದ್ದಾರೆ. ರುಬ್ಬುವ ಕಷ್ಟ ತೀರಿದ್ದು ಹೌದು, ಎತ್ತುವ ಕಷ್ಟ ತೀರಲಿಲ್ಲ. ತುಂಬಿದ ಪಾತ್ರೆಯನ್ನು ನೆಲದಿಂದ ಎತ್ತಿ, ಒದ್ದೆ ನೆಲದ ಮೇಲೆ ನಡೆದು, ಸೊಂಟ ತಿರುಗಿಸಿ ಕಟ್ಟೆಯ ಮೇಲಿಡಬೇಕು. ಹಾಗೆ ತಿರುಗುವಾಗಲೇ ಅವನ ಹೊಕ್ಕುಳ ಪಕ್ಕದಲ್ಲಿ ಚಳಕ್ ಎಂದಿತು. ಪಾತ್ರೆಯನ್ನು ಬೀಳಿಸಲಿಲ್ಲ. ಹಿಟ್ಟು ಚೆಲ್ಲಿದ್ದರೆ ಪಗಾರದಲ್ಲಿ ಹಿಡಿಯುತ್ತಾರೆಂಬ ಹೆದರಿಕೆ ನೋವಿಗಿಂತ ದೊಡ್ಡದಾಗಿತ್ತು.

“ಏನೂ ಇಲ್ಲ ಮಾರಾಯ, ಬಟ್ಟಿ ಬಿದ್ದದ್ದು. ರಾತ್ರಿ ತಿಕ್ಕಿ ಸರಿ ಮಾಡುವ” ಎಂದರು ಭಟ್ಟರು. ಭಟ್ಟರು ಒಳ್ಳೆಯವರು. ರಾತ್ರಿ ಹನ್ನೊಂದು ಗಂಟೆಗೆ, ಅವರದೇ ಕೈ ಸೋತಿದ್ದರೂ, ಎಣ್ಣೆ ಕಾಯಿಸಿ ಅರ್ಧ ತಾಸು ಹೊಟ್ಟೆ ತಿಕ್ಕಿದರು. ಬೆಳಿಗ್ಗೆ ಹುಡುಗನಿಗೆ ಕೆಮ್ಮಲಿಕ್ಕೂ ಆಗದು, ನಗಲಿಕ್ಕೂ ಆಗದು. ಆದರೂ ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ ನುಂಗಿಕೊಂಡು ನಾಲ್ಕು ದಿನ ಪಾತ್ರೆ ಎತ್ತಿದ. ಐದನೆಯ ದಿನ ಗೋಡೆ ಹಿಡಿದು ನಿಂತ.

ಬಟ್ಟಿ ಎಂಬುದು ನಮ್ಮ ಊರುಗಳ ಹಳೆಯ ಮಾತು. ಹೊಕ್ಕುಳ ಸ್ಥಾನ ತಪ್ಪಿದೆ, ತಿಕ್ಕಿ ತರಬೇಕು ಎಂಬ ನಂಬಿಕೆ. ಡಾಕ್ಟರರ ಪ್ರಕಾರ ಇಂಥಲ್ಲಿ ಆಗುವುದು ಬೇರೆ: ಹೊಟ್ಟೆಯ ಮುಂಭಾಗದ ಸ್ನಾಯುವಿನ ಕೆಲವು ಎಳೆಗಳು ಜಗ್ಗಿ ಹರಿದಿರುತ್ತವೆ. ಹರಿದ ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆದರೆ ಏನಾಗುವುದೋ, ಹೊಸ ಉಳುಕನ್ನು ಬಲವಾಗಿ ತಿಕ್ಕಿದರೂ ಅದೇ ಆಗುವುದು.

ಹಾಗೆಂದು ಮನೆಮದ್ದನ್ನು ನಾವು ಹಳಿಯುವವರಲ್ಲ. ಅಮ್ಮ ಹೇಳಿಕೊಟ್ಟದ್ದರಲ್ಲಿ ಬೇಕಾದಷ್ಟು ಒಳ್ಳೆಯದಿದೆ, ಹೊತ್ತು ನೋಡಿ ಮಾಡಬೇಕು ಅಷ್ಟೆ. ಮೊದಲ ಎರಡು ದಿನ ಶಾಖ ಬೇಡ, ತಂಪು ಬೇಕು. ಐಸನ್ನು ಬೈರಾಸಿನಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡುವುದು, ದಿನಕ್ಕೆ ಮೂರು ನಾಲ್ಕು ಸಲ. (ಐಸು ನಮ್ಮ ಹೋಟೆಲುಗಳಲ್ಲಿ ಇಲ್ಲದ ವಸ್ತುವೇನಲ್ಲ. ಗಿರಾಕಿಯ ಜ್ಯೂಸಿಗೆ ಸಿಗುವುದು ನಮ್ಮ ಹೊಟ್ಟೆಗೂ ಸಿಗಲಿ.) ಆಮೇಲೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಹಿತವಾದ ಶಾಖ ಕೊಡಬಹುದು, ಚರ್ಮ ಸುಡದ ಹಾಗೆ. ನೋವು ಇಳಿದ ಮೇಲೆ ಕೊಬ್ಬರಿ ಎಣ್ಣೆಯನ್ನು ಅಂಗೈಯಿಂದ ಹಗುರಾಗಿ ಸವರುವುದರಲ್ಲಿ ತಪ್ಪಿಲ್ಲ. ಅರಿಸಿನದ ಹಾಲು ಕುಡಿಯುವವರು ಕುಡಿಯಲಿ. ಅದರಿಂದಲೇ ಎಳೆ ಕೂಡುತ್ತದೆಂದು ನಾವು ಹೇಳಲಾರೆವು, ಆದರೆ ರಾತ್ರಿ ಒಂದು ಲೋಟ ಹಾಲು ಬೇಡವೆನ್ನುವಷ್ಟು ನಾವು ಉಂಡವರಲ್ಲ.

ಇದಕ್ಕಿಂತ ಉಪಯೋಗದ ಮಾತುಗಳಿವೆ. ಮಲಗಿದವನು ನೆಟ್ಟಗೆ ಏಳಬಾರದು, ಮಗ್ಗುಲಿಗೆ ಹೊರಳಿ ಕೈ ಊರಿ ಏಳಬೇಕು. ಕೆಮ್ಮು ಬಂದರೆ ತಲೆದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ಮಲಬದ್ಧತೆ ಆಗಗೊಡಬಾರದು, ಮುಕ್ಕಿದರೆ ಮತ್ತೆ ಜಗ್ಗುತ್ತದೆ. ನೀರು, ಸೊಪ್ಪು, ಬಾಳೆಹಣ್ಣು ಇದಕ್ಕೆ ಸಾಕು. ನೋವು ತಡೆಯುವಷ್ಟಾದ ಮೇಲೆ ನಿಧಾನವಾಗಿ ನಡೆದಾಡಬೇಕು, ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ಒಳ್ಳೆಯದಲ್ಲ. ಸಣ್ಣ ಉಳುಕಾದರೆ ಎರಡು ಮೂರು ವಾರ, ದೊಡ್ಡದಾದರೆ ಆರೆಂಟು ವಾರ ಭಾರ ಮುಟ್ಟಬಾರದು.

ಕೆಲವು ಸಂಗತಿಗಳಲ್ಲಿ ಮನೆಮದ್ದಿನ ಮಾತೇ ಬೇಡ. ಕೆಮ್ಮಿದಾಗ, ನಿಂತಾಗ ತೊಡೆಸಂದಿಯಲ್ಲೋ ಹೊಕ್ಕುಳ ಬಳಿಯಲ್ಲೋ ಗಂಟು ಉಬ್ಬಿ ಬಂದರೆ ಅದು ಹರ್ನಿಯಾ ಇರಬಹುದು, ಡಾಕ್ಟರಿಗೆ ತೋರಿಸಬೇಕು. ಆ ಗಂಟು ಗಟ್ಟಿಯಾಗಿ ಒಳಗೆ ಹೋಗದೆ, ನೋವು ಹೆಚ್ಚಿ ವಾಂತಿಯಾದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು. ನೋವು ಹೊಕ್ಕುಳ ಬಳಿ ಸುರುವಾಗಿ ಬಲಗಡೆ ಕೆಳಕ್ಕೆ ಇಳಿದು ಜ್ವರ, ವಾಂತಿ ಬಂದರೆ ಅದು ಅಪೆಂಡಿಕ್ಸ್ ಆಗಿರಬಹುದು. ಇಂಥ ಹೊಟ್ಟೆಯನ್ನು ತಿಕ್ಕಿದವನು ಸ್ನೇಹಿತನಾದರೂ ಜೀವಕ್ಕೆ ಅಪಾಯ ತಂದಾನು.

ಈಗ ಮುಖ್ಯ ಮಾತಿಗೆ ಬರೋಣ. ಮೇಲೆ ಹೇಳಿದ ಮದ್ದುಗಳಿಗೆಲ್ಲ ಸೇರಿ ಐವತ್ತು ರೂಪಾಯಿಯೂ ಬೀಳದು. ನಿಜವಾದ ಮದ್ದು ವಿಶ್ರಾಂತಿ, ನಮಗೆ ದುಬಾರಿಯಾದದ್ದು ಅದೊಂದೇ. ಎರಡು ವಾರ ಮಲಗಿದರೆ ಊರಿಗೆ ಹಣ ಹೋಗುವುದಿಲ್ಲ, ಎದ್ದು ಬರುವಾಗ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಾನೆ. ನಮ್ಮ ಹುಡುಗ ರಜೆ ಕೇಳಿದಾಗ ಗಲ್ಲಾದಿಂದ ಬಂದ ಉತ್ತರ, “ಊರಿಗೆ ಹೋಗಿ ಮಲಗು, ಬೇಕಾದಾಗ ಹೇಳಿ ಕಳಿಸುತ್ತೇವೆ.” ಪ್ರಕೃತಿ ಚಿಕಿತ್ಸೆ ಎಂದು ದೊಡ್ಡವರು ಹಣ ಕೊಟ್ಟು ಆಶ್ರಮಕ್ಕೆ ಹೋಗಿ ಪಡೆಯುವುದೂ ಬಹುಪಾಲು ಇದೇ ಅಲ್ಲವೇ, ಹಿತವಾದ ಊಟ ಮತ್ತು ಮಲಗಲು ಬಿಡುವು?

ಆದರೆ ಈ ಬಿಡುವು ಭಿಕ್ಷೆಯಲ್ಲ, ಕಾನೂನಿನಲ್ಲಿದೆ. 1948ರ ಕಾನೂನಿನಿಂದ ಹುಟ್ಟಿದ ರಾಜ್ಯ ವಿಮಾ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾಯಿತು. ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರಿಗೆ ಈ ವಿಮೆಯ ಕಾರ್ಡು ಗೊತ್ತಿತ್ತು. 1982ರ ಜನವರಿ 18ರಂದು ಸುರುವಾದ ಮುಷ್ಕರದ ಬಳಿಕ ಗಿರಣಿಗಳು ಮುಚ್ಚುತ್ತ ಹೋದವು, ಕಾರ್ಡಿನ ನೆನಪೂ ಹೋಯಿತು. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಹೋಟೆಲಿನಲ್ಲಿದ್ದಾರೆ, ಜೇಬಿನಲ್ಲಿ ಕಾರ್ಡಿಲ್ಲ.

ಲೆಕ್ಕ ನೋಡಿ. 2019ರ ಜುಲೈಯಿಂದ ನಮ್ಮ ಪಾಲು ನೂರಕ್ಕೆ 75 ಪೈಸೆ, ಮಾಲಕರ ಪಾಲು ನೂರಕ್ಕೆ 3 ರೂಪಾಯಿ 25 ಪೈಸೆ. 15,000 ರೂಪಾಯಿ ಪಗಾರಕ್ಕೆ ನಾವು ಕೊಡುವುದು 112 ರೂಪಾಯಿ 50 ಪೈಸೆ. ಕಾಯಿಲೆಯೆಂದು ವಿಮಾ ಡಾಕ್ಟರು ಬರೆದುಕೊಟ್ಟರೆ ಪಗಾರದ ನೂರಕ್ಕೆ 70ರಂತೆ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಅದಕ್ಕೆ ಮೊದಲು 78 ದಿನಗಳ ವಂತಿಗೆ ಆಗಿರಬೇಕು. ಆದರೆ ಕೆಲಸದಲ್ಲಿ ಆದ ಗಾಯಕ್ಕೆ ಆ 78 ದಿನಗಳ ಷರತ್ತಿಲ್ಲ, ಸಿಗುವುದೂ ನೂರಕ್ಕೆ 90. ದಿನದ ಪಗಾರ 500 ಎಂದಿಟ್ಟುಕೊಂಡರೆ ಕಾಯಿಲೆಗೆ 350, ಕೆಲಸದ ಗಾಯಕ್ಕೆ 450. ನೂರು ರೂಪಾಯಿಯ ಈ ಅಂತರ ಒಂದು ಸಾಲಿನ ಬರಹದಲ್ಲಿದೆ: ಪಾತ್ರೆ ಎತ್ತುವಾಗ ಉಳುಕಿತೆಂದು ಆ ದಿನವೇ ಅಪಘಾತದ ಪುಸ್ತಕದಲ್ಲಿ ಬರೆಸಿದೆವೋ, ಇಲ್ಲವೇ ಹೊಟ್ಟೆನೋವೆಂದು ಸುಮ್ಮನಾದೆವೋ ಎಂಬುದರಲ್ಲಿ. ನಮ್ಮ ಹುಡುಗನ ವಿಷಯದಲ್ಲಿ ಪುಸ್ತಕವೂ ಇರಲಿಲ್ಲ, ಹಾಜರಿಯಲ್ಲಿ ಹೆಸರೂ ಇರಲಿಲ್ಲ. ಭಟ್ಟರು ತಿಕ್ಕಿದ್ದೇ ಅವನಿಗೆ ಸಿಕ್ಕ ವಿಮೆ.

ಮಾಲಕರಲ್ಲಿ ಹಲವರು ಸ್ವತಃ ಮಾಣಿಗಳಾಗಿ ಟೇಬಲು ಒರೆಸಿ ಮೇಲೆ ಬಂದವರು. “ನಾವೂ ಎತ್ತಿದ್ದೇವೆ, ಸತ್ತೆವೇ?” ಎಂದು ಕೇಳುತ್ತಾರೆ. ಸತ್ತವರು ಕೇಳಲು ಬರುವುದಿಲ್ಲ ಎಂದು ಹೇಳಬಹುದಿತ್ತು, ಆದರೆ ಜಗಳ ನಮಗೆ ಬೇಡ. ಒಬ್ಬ ಗಂಡಸು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲೇ ಶಿಫಾರಸು ಮಾಡಿದೆ. ಅದು ಒಣನೆಲದ ಮೇಲಿನ ಚೀಲದ ಮಾತು. ಬಿಸಿ ಸಾಂಬಾರಿನ ಕೊಪ್ಪರಿಗೆಗೆ, ಜಾರುವ ನೆಲಕ್ಕೆ ಅಷ್ಟೂ ಹೆಚ್ಚೇ. ತುಂಬಿದ ಪಾತ್ರೆಗೆ ಇಬ್ಬರು ಕೈ ಹಾಕಬೇಕು, ಇಲ್ಲವೇ ಕೆಳಗೆ ಗಾಲಿ ಇರಬೇಕು. ಇದನ್ನು ಕೇಳಲು ಯೂನಿಯನ್ನಿನ ಮೋರ್ಚಾ ಕೂಡ ಬೇಕಾಗಿಲ್ಲ.

ನಮ್ಮಲ್ಲಿಯೂ ತಪ್ಪಿದೆ. ಉಳುಕಿದವನನ್ನು ನಗೆಯಾಡುವವರು ನಾವೇ, ಗಂಡಸಾಗಿ ಹೊಟ್ಟೆ ಹಿಡಿದು ಮಲಗುತ್ತೀಯಾ ಎನ್ನುವವರು ನಾವೇ. ಅವನ ಪಾತ್ರೆಯನ್ನು ಒಂದು ವಾರ ಎತ್ತಿಕೊಡಲು ಗೊಣಗಿದವರೂ ನಾವೇ.

ಹುಡುಗ ಊರಿಗೆ ಹೋಗಲಿಲ್ಲ. ಖೋಲಿಯ ಎಂಟು ಮಂದಿ ಸೇರಿ ಊಟದ ಖರ್ಚು ಹಂಚಿಕೊಂಡೆವು, ಆರನೆಯ ವಾರಕ್ಕೆ ಅವನು ಬೇರೊಂದು ಹೋಟೆಲಿಗೆ ಸೇರಿದ. ಸೇರುವ ದಿನ ಮೂವರು ಜೊತೆಗೆ ಹೋಗಿ, ಹಾಜರಿ ಪುಸ್ತಕದಲ್ಲಿ ಹೆಸರು ಬರೆದದ್ದನ್ನು ನೋಡಿ ಬಂದೆವು. ಈ ವಾರದ ರಜೆಯ ದಿನ ಸಂಘದ ಕೋಣೆಯಲ್ಲಿ ವಿಮೆಯ ಅರ್ಜಿ ತುಂಬಿಸಿಕೊಡುತ್ತೇವೆ. ಆಧಾರ್ ಚೀಟಿ ಮತ್ತು ಪಗಾರದ ಚೀಟಿ ಇದ್ದವರು ತರಬೇಕು. ಪಗಾರದ ಚೀಟಿ ಇಲ್ಲದವರು ತಪ್ಪದೆ ಬರಬೇಕು.